ಆರದ ದೀಪಕ್ಕೆ ನನ್ನ ಆಕ್ಷೇಪ

ಮನೆ, ಮೂರನೇ ಮಹಡಿ
ಫೆಬ್ರುವರಿ ೧೮, ಭಾನುವಾರ

ಪ್ರೀತಿಯ ಸೊಸೆಗೆ,

ಮಾವನ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಹೊಸ ಆಸ್ಪತ್ರೆಯಲ್ಲಿ ಹಗಲು ಪಾಳಿ ಕೊಟ್ಟಿದ್ದಾರೆಂದು ಬರೆದಿದ್ದೆ, ಸಂತೋಷ. ದಿನವಿಡೀ ವಾರ್ಡಿನಲ್ಲಿ ನಿಂತು ಬಂದವಳು ಮನೆಯಲ್ಲಿಯೂ ನಿಂತೇ ಊಟ ಮುಗಿಸುವ ಅಭ್ಯಾಸವನ್ನು ಅಲ್ಲಿಗೆ ಕೊಂಡೊಯ್ದಿರಲಾರೆ ಎಂದು ನಂಬಿದ್ದೇನೆ. ಪುಟ್ಟಿಯ ಕೆಮ್ಮು ನಿಂತಿತೇ? ಹೊಸ ಶಾಲೆ ಒಗ್ಗಿತೇ? ಅವಳಿಗೆ ಜಡೆ ಹಾಕುವವರು ಯಾರೆಂದು ಕೇಳಲು ಕೈ ಹಿಂಜರಿಯುತ್ತದೆ, ಆದರೂ ಕೇಳಿದ್ದೇನೆ. ನನ್ನ ಚಿಂತೆ ಬೇಡ. ಮೊಣಕಾಲು ದಿನವೂ ಮೆಟ್ಟಿಲಿನೊಡನೆ ವಾದಕ್ಕಿಳಿದು ಸೋಲುತ್ತದೆ, ಅಷ್ಟೆ. ಅಡುಗೆಯನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ. ಉಪ್ಪು ಒಂದು ದಿನ ಹೆಚ್ಚು, ಇನ್ನೊಂದು ದಿನ ಇಲ್ಲವೇ ಇಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಕಾಲೇಜಿನಲ್ಲಿ ನಿನ್ನ ಗಂಡನ ನೆನಪಿನ ಸಭೆ ನಡೆಯಿತು. ನಿನಗೆ ರಜೆ ಸಿಗದೆ ಹೋದದ್ದು ಒಳ್ಳೆಯದೇ ಆಯಿತು. ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿ, ಕೈಗೊಂದು ಹೂಗುಚ್ಛ ಕೊಟ್ಟರು. ಅದನ್ನು ಎಲ್ಲಿಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಮೊದಲು ಎದ್ದು ಸತ್ಯವನ್ನೇ ಹೇಳಿದ. ದ್ರಾವಣದ ಬಣ್ಣ ತಿರುಗುವ ಆ ಒಂದು ಹನಿಗಾಗಿ ತನ್ನ ಪಕ್ಕದಲ್ಲಿ ಮೇಷ್ಟ್ರು ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದರು, ಹನಿ ಹೆಚ್ಚಾಗಿ ಕೆಟ್ಟರೆ “ಸರಿ, ಈಗ ಹೇಗೆ ಕೆಡುತ್ತೆ ಅಂತ ಗೊತ್ತಾಯ್ತಲ್ಲ, ತೊಳಕೊಂಡು ಬಾ” ಎನ್ನುತ್ತಿದ್ದರು ಎಂದ. ನನ್ನ ಕಣ್ಣು ತೇವವಾಯಿತು. ಸಭೆ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಭೌತಶಾಸ್ತ್ರದ ಮುಖ್ಯಸ್ಥರು ಮೈಕಿನ ಮುಂದೆ ನಿಂತು, “ಅವ್ರಿಗೆ ಮನೆ ಅನ್ನೋದೇ ನೆನಪಿರ್ತಿರ್ಲಿಲ್ಲ. ಮಗಳು ಎಷ್ಟನೇ ಕ್ಲಾಸು ಅಂದ್ರೆ ಸೀಲಿಂಗ್ ನೋಡೋರು” ಎಂದರು. ಸಭೆ ನಕ್ಕಿತು. ಪ್ರಾಂಶುಪಾಲರು ಅದಕ್ಕೆ ಇನ್ನೊಂದು ಬಣ್ಣ ಬಳಿದರು. “ಎಷ್ಟು ಹೊತ್ತಿಗೆ ನೋಡಿದ್ರೂ ಆ ಕಿಟಕೀಲಿ ದೀಪ. ಹೆಂಡತಿ, ಮಗಳು, ಯಾರೂ ಬೇಡ. ತಪಸ್ವಿ. ಕೊನೆಗೆ ವಿಜ್ಞಾನಕ್ಕೇ ಪ್ರಾಣ ಕೊಟ್ರು.” ಮಗಳೇ, ಈ ಮನೆಯ ಮೆಟ್ಟಿಲಿನ ತಿರುವಿನಲ್ಲಿ ಕುಳಿತವನು ಮತ್ತೆ ಏಳಲಿಲ್ಲವೆಂಬುದು ನಿನಗೂ ಗೊತ್ತು, ನನಗೂ ಗೊತ್ತು. ಆಗ ಅವನ ಕೈಯಲ್ಲಿದ್ದುದು ವಿಜ್ಞಾನವಲ್ಲ. ರಾತ್ರಿಯ ಅಡುಗೆಗೆ ತಂದ ಸೋರೆಕಾಯಿ.

ಬಳಿಕ ಪ್ರಯೋಗಶಾಲೆಯ ಬಾಗಿಲಿಗೆ ಹಾಕಿಸಲಿರುವ ಕಲ್ಲಿನ ಒಕ್ಕಣೆಯನ್ನು ಓದಿದರು: ‘ಮನೆಯನ್ನು ಮರೆತ ಗುರುವಿನ ಆರದ ದೀಪ ಇಲ್ಲಿ ಬೆಳಗಿತು.’ ಮುಂದಿನ ತಿಂಗಳು ಇದರ ಪರದೆ ಸರಿಸುವವಳು ಪುಟ್ಟಿಯಂತೆ. ಪರದೆ ಸರಿಸಿ, ಈ ಸಾಲನ್ನು ಗಟ್ಟಿಯಾಗಿ ಓದಬೇಕಂತೆ. ತನ್ನನ್ನು ತನ್ನ ಅಪ್ಪ ಮರೆತಿದ್ದನೆಂದು ಆ ಮಗು ತನ್ನ ಬಾಯಿಂದಲೇ ಊರಿಗೆಲ್ಲ ಸಾರಬೇಕು. ಅದಕ್ಕೆ ಜನ ಚಪ್ಪಾಳೆ ತಟ್ಟಬೇಕು.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಎದುರಾಳಿಯ ಮಾತು ಮುಗಿಯುವ ತನಕ ಬಾಯಿ ತೆರೆಯಬಾರದೆಂಬ ಶಿಸ್ತು ಇನ್ನೂ ಉಳಿದಿದೆ. ಆದ್ದರಿಂದ ಮುಗಿಯುವ ತನಕ ಕಾದು, ಯಾರೂ ಕರೆಯದೆಯೇ ಎದ್ದೆ. ಮಾನ್ಯ ಅಧ್ಯಕ್ಷರೇ, ಮಂಡಿಸಲಾದ ವಿಷಯಕ್ಕೆ ನನ್ನ ಪೂರ್ಣ ವಿರೋಧವಿದೆ ಎಂದೆ. ಹೆಂಡತಿ ಸಂಜೆ ಪಾಳಿಗೆ ಹೊರಡುವ ಹೊತ್ತಿಗೆ ಈ ನಿಮ್ಮ ತಪಸ್ವಿ ಕಾಲೇಜಿನ ಹಿಂಬಾಗಿಲಿನಿಂದ ಹೊರಬಿದ್ದು, ಶಾಲೆಯಿಂದ ಮಗಳನ್ನು ಕರೆದುಕೊಂಡು ಮನೆ ಸೇರಿರುತ್ತಿದ್ದ. ಮಗಳ ಬೈತಲೆ ನೂಲು ಹಿಡಿದಂತೆ ನೆಟ್ಟಗೆ ಬರದಿದ್ದರೆ ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ಅಡುಗೆ ಮಾಡುತ್ತಿದ್ದ, ಆದರೆ ಕುದಿಯುವ ಪಾತ್ರೆಗೆ ಎಂದೂ ಮುಖ ಬಗ್ಗಿಸಿದವನಲ್ಲ, ಹಬೆಯನ್ನು ಅಂಗೈಯಿಂದ ಮೂಗಿನತ್ತ ಬೀಸಿಕೊಳ್ಳುತ್ತಿದ್ದ. ರುಚಿಯನ್ನಂತೂ ನೋಡುತ್ತಲೇ ಇರಲಿಲ್ಲ. “ಪಾತ್ರೇಲಿರೋದನ್ನ ಬಾಯಿಗೆ ಹಾಕೋ ಚಾಳಿ ಇಲ್ಲಿ ಬಂದ್ರೆ, ಯಾವತ್ತೋ ಒಂದಿನ ಲ್ಯಾಬಲ್ಲೂ ಬರುತ್ತೆ. ಅಪ್ಪಾ, ಸ್ವಲ್ಪ ಉಪ್ಪು ನೋಡಿ” ಎಂದು ಕೂಗುತ್ತಿದ್ದ. ಪ್ರತಿ ಸಂಜೆ ಕೂಗುತ್ತಿದ್ದ. ಉಪ್ಪು ನೋಡಿದವನು ನಾನು, ಆದ್ದರಿಂದ ಸಾಕ್ಷಿಯೂ ನಾನೇ ಎಂದೆ.

ಇನ್ನು ಆ ದೀಪ. ಅದರ ಕಥೆ ನಿನಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ, ಕೇಳಿದವರೂ ಇಲ್ಲ. ಅದನ್ನೂ ಹೇಳಿದೆ. ಪುಟ್ಟಿ ಒಂದು ನೀಲಿ ಹರಳು ಬೆಳೆಸಬೇಕೆಂದು ಹಟ ಹಿಡಿದಳು. ಅದಕ್ಕೆ ಬೇಕಾದ ಮೈಲುತುತ್ತ ವಿಷ, ಅಡುಗೆಯಾಗುವ ಮನೆಗೆ ಅದು ಬರಕೂಡದೆಂದು ಇವನು ಪ್ರಯೋಗಶಾಲೆಯ ಕಿಟಕಿಯ ಬಳಿ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಳಗೆ ದ್ರಾವಣದ ಗಾಜಿನ ಪಾತ್ರೆಯನ್ನಿಟ್ಟ. ರಾತ್ರಿಯ ತಂಪಿಗೆ ದ್ರಾವಣ ಆರಿದರೆ ತಳದಲ್ಲೆಲ್ಲ ಪುಡಿ ಹರಳು ಕಟ್ಟಿ ನಡುವೆ ತೂಗುವ ಹರಳು ಕೆಡುತ್ತದೆ. ಶಾಖ ಸದಾ ಒಂದೇ ಸಮನಿರಲೆಂದು ಪಕ್ಕದಲ್ಲೊಂದು ಸಣ್ಣ ಬಲ್ಬು ಹಾಕಿದ. ಮೊದಲು ಕಾಳಿನಷ್ಟೇ ಇದ್ದ ಆ ಹರಳನ್ನು ತೂಗುಬಿಡಲು ದಾರ ದಪ್ಪವೆನಿಸಿ, ಬಾಚಣಿಗೆಗೆ ಬಂದ ಪುಟ್ಟಿಯ ಕೂದಲೆಳೆಯನ್ನೇ ಕಟ್ಟಿದ. ಶನಿವಾರಗಳಲ್ಲಿ ಇಬ್ಬರೂ ಹೋಗಿ ದ್ರಾವಣ ತುಂಬಿಸಿ ಬರುತ್ತಿದ್ದರು. ಬಲ್ಬು ಹಗಲಿರುಳು ಉರಿಯಿತು, ಕಿಟಕಿ ಬೆಳಗಿತು, ಕಾಲೇಜು ಬೆರಗಾಯಿತು. ಜನ ಹೀಗೆ ತಿಳಿದಿದ್ದಾರೆಂದು ನಾನು ಎಚ್ಚರಿಸಿದಾಗ ಅವನು ಅಂದದ್ದು: “ತಿಳ್ಕೊಳ್ಳಲಿ ಬಿಡಿ ಅಪ್ಪಾ. ಆ ಬಲ್ಬು ಅಲ್ಲಿ ಕೂತ್ಕೊಂಡು ನನ್ನ ಬದಲು ಓವರ್‌ಟೈಮ್ ಮಾಡ್ತಿದೆ.” ನೀನೂ ನಕ್ಕೆ. ಆಸ್ಪತ್ರೆಯ ಗೆಳತಿಯರು ನಿನ್ನನ್ನು ಕಂಡು ಅಯ್ಯೋ ಪಾಪ ಎಂದಾಗಲೂ ನೀನು ನಕ್ಕು ಸುಮ್ಮನಾಗುತ್ತಿದ್ದೆ. ಆ ನಗುವಿಗೆ ನನ್ನ ಆಕ್ಷೇಪವಿಲ್ಲ. ಜನರ ಆ ತಪ್ಪು ತಿಳಿವಳಿಕೆಯನ್ನು ಕಲ್ಲಿನಲ್ಲಿ ಕೆತ್ತುವುದಕ್ಕೆ ಆಕ್ಷೇಪವಿದೆ.

ಇಷ್ಟು ಹೇಳಿ ಕುಳಿತೆ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಆ ವಿದ್ಯಾರ್ಥಿಯೇ ಇರಬೇಕು. ಗೆದ್ದೆನೆಂದುಕೊಂಡೆ. ಆಮೇಲೆ ಪ್ರಾಂಶುಪಾಲರು ತಮ್ಮ ಕೋಣೆಗೆ ಕರೆದೊಯ್ದು ಚಹಾ ತರಿಸಿ, “ಸಾರ್, ನೀವು ಹೇಳೋದೆಲ್ಲ ನಿಜ ಇರಬಹುದು. ಆದ್ರೆ ಅದು ಮನೆ ವಿಷಯ. ಹುಡುಗರಿಗೆ ಸ್ಫೂರ್ತಿ ಬೇಕಲ್ಲ” ಎಂದರು. ಏನಿದು ಸ್ಫೂರ್ತಿ? ವಿದ್ವಾಂಸನಾಗಬೇಕಾದರೆ ಹೆತ್ತ ಮಗುವಿನ ಮುಖ ಮರೆಯಬೇಕೆಂದು ಹುಡುಗರಿಗೆ ಕಲಿಸುವುದೇ? ಮನೆಗೆ ಬರುವ ಗಂಡಸನ್ನು ಹೊಗಳಲು ಇವರಿಗೆ ಒಂದು ಪದವೂ ಸಿಗದೆ, ಬಾರದವನನ್ನು ಸೃಷ್ಟಿಸಿಕೊಂಡು ಹೊಗಳುತ್ತಾರೆ. ಚಹಾ ಮುಟ್ಟದೆ ಎದ್ದೆ. ಒಕ್ಕಣೆ ಬದಲಿಸುವ ಅಧಿಕಾರ ತಂದೆಗಿಲ್ಲವಂತೆ. “ಅವರ ಶ್ರೀಮತಿಯವರು ಬರೆದು ಕೊಟ್ಟರೆ ನೋಡೋಣ” ಎಂದರು. ಹೆತ್ತವನಿಗೆ ಮೊದಲ ಸಾಲಿನ ಕುರ್ಚಿಯಿದೆ, ಮಾತಿಲ್ಲ.

ಆದ್ದರಿಂದ ನೀನು ಬರೆ. ಇಂದೇ ಬರೆ. ಕಲ್ಲಿಗೆ ನನ್ನ ಒಕ್ಕಣೆ ಇದು, ಒಪ್ಪಿಗೆಯಾದರೆ ಕಳುಹಿಸು: ‘ಇವರು ಇಲ್ಲಿ ರಸಾಯನಶಾಸ್ತ್ರ ಕಲಿಸಿದರು. ಸಂಜೆ ಮನೆಗೆ ಹೋಗುತ್ತಿದ್ದರು.’ ಇದನ್ನು ಪುಟ್ಟಿ ಎಷ್ಟು ಗಟ್ಟಿಯಾಗಿ ಬೇಕಾದರೂ ಓದಲಿ.

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ಕುಳಿತು ಊಟ ಮಾಡು.

ನಿನ್ನ ಮಾವ

ಮರೆತ ಮಾತು: ಆ ಬಲ್ಬು ಇನ್ನೂ ಉರಿಯುತ್ತಿದೆ. ಪೆಟ್ಟಿಗೆಯನ್ನು ಮನೆಗೆ ಒಯ್ಯಿರಿ ಎಂದು ವಿಭಾಗದವರು ಮೊದಲೇ ಹೇಳಿದ್ದರು. ಪ್ರಯೋಗಶಾಲೆಯದು ಹೊಸಿಲು ದಾಟಬಾರದೆಂಬ ಅವನ ಕಟ್ಟಳೆಯನ್ನು ನಾನು ಹೇಗೆ ಮುರಿಯಲಿ? ಕೀಲಿ ಕೇಳಿ ಪಡೆದು ದಿನವೂ ಮಧ್ಯಾಹ್ನ ಹೋಗಿ ನೋಡಿ ಬರುತ್ತೇನೆ. ಹರಳು ನೆಲ್ಲಿಕಾಯಿಯಷ್ಟಾಗಿದೆ, ಅವಳ ಕೂದಲೆಳೆ ಗಟ್ಟಿಯಾಗಿಯೇ ಇದೆ. ಆದರೆ ದ್ರಾವಣ ಇಳಿಯುತ್ತಿದೆ. ಹರಳಿನ ನೆತ್ತಿ ಹೊರಗೆ ಕಂಡರೆ ಕೆಟ್ಟಿತೆಂದು ಅವನು ಹೇಳಿದ್ದು ನೆನಪಿದೆ. ತುಂಬಿಸಿ ಕೊಡುತ್ತೇನೆಂದು ವಿಭಾಗದವರೊಬ್ಬರು ಮುಂದೆ ಬಂದರು, ಬೇಡವೆಂದೆ. ಅದು ಪುಟ್ಟಿಯ ಕೆಲಸ. ಕಲ್ಲಿನ ವಿಷಯಕ್ಕೆ ನಿನ್ನ ಕಾಗದ ಸಾಕು, ಇದಕ್ಕೆ ಅವಳೇ ಬೇಕು. ಈ ಶನಿವಾರ ಕರೆದುಕೊಂಡು ಬಾ. ಅಡುಗೆ ಮಾಡಿಟ್ಟಿರುತ್ತೇನೆ, ಉಪ್ಪು ನೋಡಲು ಯಾರಾದರೂ ಬೇಕು.