ಮೊದಲ ಪಿರಿಯಡ್ ಗಣಿತ

ಜನವರಿ 8, ಬೆಳಗ್ಗೆ 10.40
…ಹಾಂ, ರೆಕಾರ್ಡ್ ಆಗುತ್ತಿದೆ. ಮತ್ತೆ ದಾಖಲೆ ಕೋಣೆ. ಕಿಟಕಿ ಇಲ್ಲ, ಫ್ಯಾನು ಇದ್ದೂ ಇಲ್ಲ. ಇಪ್ಪತ್ತಾರು ವರ್ಷ ಇದೇ ಶಾಲೆಯಲ್ಲಿ ಗಣಿತ ಹೇಳಿದವನು ಐವತ್ತಕ್ಕೆ ಹೆಡ್‌ಮಾಸ್ಟರ್ ಟ್ರೇನಿ. ತರಬೇತಿಯ ಡೈರಿಗೆ ಚೆಂದದ ಮಾತು. ಗೊಣಗಾಟಕ್ಕೆ ಈ ಫೋನು.

ನನ್ನ ಪ್ರಾಜೆಕ್ಟು: ಹತ್ತನೇ ತರಗತಿಯ ರಿಸಲ್ಟ್ ಏರಿಸುವುದು. ದೊಡ್ಡಮೇಡಂ ಇಲ್ಲಿನ ಮುಖ್ಯಸ್ಥೆ, ನನ್ನ ತರಬೇತಿಯ ಪಾಸು-ನಪಾಸು ಬರೆಯುವವರೂ ಅವರೇ. ದಾರಿ ತೋರಿಸಿದ್ದಾರೆ. ಮಕ್ಕಳನ್ನು ಹಸಿರು, ಹಳದಿ, ಕೆಂಪು ಅಂತ ವಿಂಗಡಿಸು. ಹಳದಿಗೆ ಸ್ಪೆಷಲ್ ಕ್ಲಾಸು. ಕೆಂಪಿನವರ ಅಪ್ಪ-ಅಮ್ಮನನ್ನು ಕರೆಸಿ ಸಹಿ ಹಾಕಿಸಿಕೋ, ಶಾಲೆ ಬಿಡಿಸು, ಪರೀಕ್ಷೆಗೆ ಪ್ರೈವೇಟಾಗಿ ಕಟ್ಟಲಿ. ಆಮೇಲೆ ಅವರು ನಪಾಸಾದರೂ ಶಾಲೆಯ ರಿಸಲ್ಟಿಗೆ ತಗಲುವುದಿಲ್ಲ.

"ನೆಗಡಿ ಬಂತು ಅಂತ ಮೂಗು ಕೊಯ್ಯೋದಾ ಮೇಡಂ?"

"ಗಾದೆಗೆ ಮಾರ್ಕ್ಸ್ ಇಲ್ಲ ಮೇಷ್ಟ್ರೇ. ಇಪ್ಪತ್ತೆರಡಕ್ಕೆ ಪೇರೆಂಟ್ಸ್ ಬರ್ತಾರೆ. ಫಾರ್ಮು ರೆಡಿ ಇಡಿ."

ಜನವರಿ 9, ಮಧ್ಯಾಹ್ನ
ಕೆಂಪು — ಒಂಬತ್ತು ಮಕ್ಕಳು. ಒಂಬತ್ತೂ ಮುಗ್ಗರಿಸಿರುವುದು ಗಣಿತದಲ್ಲೇ. ವಿಚಿತ್ರ.

ಒಬ್ಬಳನ್ನು ಕರೆಸಿದೆ. ಭಾಷೆಯಲ್ಲಿ ಎಂಬತ್ತು, ಗಣಿತದಲ್ಲಿ ಹನ್ನೊಂದು. ಅನುಪಾತದ ಲೆಕ್ಕ ಕೊಟ್ಟರೆ ಪಿಳಿಪಿಳಿ ಕಣ್ಣು ಬಿಟ್ಟಳು. ಬುಡದಿಂದ ಹೇಳಿಕೊಟ್ಟೆ, ಐದೇ ನಿಮಿಷ. ಮುಂದಿನ ಎರಡು ತಾನೇ ಮಾಡಿ ಹಾಳೆ ಮುಂದೆ ತಳ್ಳಿದಳು.

"ಇಷ್ಟು ಬರುತ್ತಲ್ಲಮ್ಮಾ, ಕ್ಲಾಸಲ್ಲಿ ಏನು ಮಾಡ್ತಿರ್ತೀಯ?"

"ಕ್ಲಾಸಲ್ಲಿ ಇದ್ರೆ ತಾನೇ ಸರ್? ನಮ್ಮ ಬಸ್ಸು ಬರೋದೇ ಒಂಬತ್ತೂ ಹತ್ತಕ್ಕೆ. ಬಾಗಿಲು ಹಾಕಿರುತ್ತೆ."

"ಯಾರು ಹಾಕ್ತಾರೆ?"

ನನ್ನನ್ನೇ ದಡ್ಡನನ್ನು ನೋಡುವ ಹಾಗೆ ನೋಡಿದಳು. "ಹೋದ ವರ್ಷ ನೀವು. ಈಗ ಹೊಸ ಸರ್. ರೂಲು ನಿಮ್ದೇ."

ಜನವರಿ 12, ಬೆಳಗ್ಗೆ 7.15
ಗೇಟಿನ ಲೇಟ್ ರಿಜಿಸ್ಟರ್ ತೆಗೆಸಿ ನೋಡಿದೆ. ಅದೇ ಒಂಬತ್ತು ಹೆಸರು. ದಿನಾ. ಒಂದೇ ಬಸ್ಸು, ಅದರ ಹಿಂದೆ ಇನ್ನೊಂದಿಲ್ಲ, ಮುಂಚೆಯೂ ಇನ್ನೊಂದಿಲ್ಲ.

ಹನ್ನೆರಡು ವರ್ಷದ ಹಿಂದೆ ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳಿದ್ದು ನಾನೇ: ಗಣಿತ ಮೊದಲ ಪಿರಿಯಡ್‌ನಲ್ಲೇ ಆಗಬೇಕು, ತಲೆ ತಾಜಾ ಇರುತ್ತದೆ, ಒಂಬತ್ತಕ್ಕೆ ಬೆಲ್ಲಾಯಿತೋ, ಚಿಲಕ. ಮಕ್ಕಳು ಚಿಲಕ ಮೇಷ್ಟ್ರು ಅಂತ ಹೆಸರಿಟ್ಟರು. ಬಿರುದು ಅಂದುಕೊಂಡೆ. ಮುಕ್ಕಾಲು ಗಂಟೆ ಕಾರಿಡಾರಿನಲ್ಲಿ ನಿಂತ ಮಕ್ಕಳಿಗೆ ಮಾರ್ಕ್ಸ್ ಎಲ್ಲಿಂದ ಬರಬೇಕು? ಎಷ್ಟು ಬ್ಯಾಚು… ಬೇಡ, ಲೆಕ್ಕ ಹಾಕುವುದಿಲ್ಲ.

ಹೆಂಡತಿಗೆ ಹೇಳಿದೆ. "ಮನೇಲೂ ಹಾಗೇ ತಾನೇ ನೀವು? ನಾನಾದ್ರೆ ಕಿಟಕೀಲಿ ನುಗ್ಗೋ ಗಟ್ಟಿಗಿತ್ತಿ," ಅಂದಳು. ನಗು ಬಂತು. ಬಂದಷ್ಟೇ ಬೇಗ ಹೋಯಿತು.

ಜನವರಿ 16, ಸಂಜೆ, ಬಸ್ ಸ್ಟಾಪು
ದೊಡ್ಡಮೇಡಂಗೆ ಹೇಳಿಬಿಟ್ಟೆ. ಗಣಿತವನ್ನು ನಾಲ್ಕನೇ ಪಿರಿಯಡ್‌ಗೆ ಹಾಕೋಣ, ಒಂಬತ್ತು ಜನಕ್ಕೆ ದಿನಾ ನಾನೇ ಒಂದು ಗಂಟೆ ಹೇಳಿಕೊಡುತ್ತೇನೆ, ಅಂದೆ.

"ಮುಂದಿನ ವರ್ಷ ನಿಮ್ಮ ಶಾಲೇಲಿ ಮಾಡಿ. ಈಗ ಟೈಮ್‌ಟೇಬಲ್ ಮುಟ್ಟಿದ್ರೆ ಇಷ್ಟು ವರ್ಷ ತಪ್ಪು ಮಾಡಿದ್ವಿ ಅಂತ ಒಪ್ಕೊಂಡ ಹಾಗೆ."

"ಒಪ್ಕೊಳ್ಳೋಣ."

"ನೀವು ಒಪ್ಕೊಳ್ಳಿ. ನಿಮ್ಮ ರಿಪೋರ್ಟಲ್ಲಿ ಅನರ್ಹ ಅಂತ ನಾನು ಬರೀತೀನಿ. ಆಮೇಲೆ ಎಲ್ಲಿಗೆ ಹೋಗ್ತೀರಿ ಮೇಷ್ಟ್ರೇ? ನಿಮ್ಮ ಕ್ಲಾಸಿಗೆ ಬೇರೆಯವರು ಬಂದಾಯ್ತು."

ಸಿಟ್ಟಿಲ್ಲ, ಕೂಗಾಟವಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು. ಇತ್ತ ದರಿ, ಅತ್ತ ಪುಲಿ.

ಜನವರಿ 20
ಏನಿಲ್ಲ. ಒಂಬತ್ತು ಫಾರ್ಮು ಟೈಪ್ ಮಾಡಿದೆ.

ಜನವರಿ 22, ಬೆಳಗ್ಗೆ 11.05
ಹಾಳೆ ತರುತ್ತೇನೆ ಅಂತ ಹೇಳಿ ದಾಖಲೆ ಕೋಣೆಗೆ ಬಂದಿದ್ದೇನೆ. ಬೇಗ ಹೇಳಿಬಿಡುತ್ತೇನೆ.

ಹೊರಗೆ ಬೆಂಚಿನ ಮೇಲೆ ಒಂಬತ್ತು ಮನೆಯವರು. ಮೊದಲು ಬಂದದ್ದು ಆ ಹುಡುಗಿಯ ಅಮ್ಮ. ಹೊಲಿಗೆ ಕೆಲಸದವರು, ತೋಳಿಗೆ ದಾರದ ಚೂರು ಅಂಟಿತ್ತು. ಪೆನ್ನು ತಾವೇ ತಂದಿದ್ದರು.

"ಎಲ್ಲಿ ಸಹಿ ಸರ್? ಅವಳ ತಲೆಗೆ ಹತ್ತಲ್ಲ ಅಂತ ನಂಗೂ ಗೊತ್ತು ಬಿಡಿ."

ಅಲ್ಲಿಗೆ ತಡೆಯಲಾಗಲಿಲ್ಲ.

"ಹತ್ತುತ್ತಮ್ಮಾ. ಚೆನ್ನಾಗೇ ಹತ್ತುತ್ತೆ. ಅವಳನ್ನ ಹೊರಗೆ ನಿಲ್ಲಿಸಿದ್ದು ನಾನು." ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಸಹಿ ಹಾಕದಿದ್ರೆ ಪಾಸಾಗ್ತಾಳಾ?"

"ದಿನಾ ಕೂರಿಸಿಕೊಂಡು ಹೇಳಿದ್ರೆ… ಆಗಬಹುದು."

"ಯಾರು ಕೂರಿಸ್ಕೊಳ್ತಾರೆ?"

"ನಾನು."

ಫಾರ್ಮನ್ನು ಮಗುಚಿ ಖಾಲಿ ಬೆನ್ನು ನನ್ನ ಮುಂದಿಟ್ಟರು. "ಬಾಯಿಮಾತು ಬೇಡ ಸರ್. ಬರ್ಕೊಡಿ. ತಪ್ಪು ಅವಳದಲ್ಲ ಅಂತಾನೂ ಬರೀರಿ."

ಬರೆದೆ. ಸಹಿ ಹಾಕಿದೆ. ತುಟಿ ಆಡಿಸಿಕೊಂಡು ಎರಡು ಸಲ ಓದಿದರು. ಹೊರಗೆ ಹೋಗಿ ಉಳಿದವರಿಗೂ ಗಟ್ಟಿಯಾಗಿ ಓದಿದರು. ಈಗ ಎಂಟು ಜನವೂ ಎದ್ದು ನಿಂತಿದ್ದಾರೆ, ನಮಗೂ ಬರ್ಕೊಡಿ ಅಂತ.

ಎಂಟು ಹಾಳೆ ಎಣಿಸಿಕೊಂಡೆ. ಇದು ಖುಷಿ ಅಲ್ಲ, ಧೈರ್ಯವೂ ಅಲ್ಲ. ಹೆಂಡತಿಗೆ ಏನು ಹೇಳಲಿ… ದೊಡ್ಡಮೇಡಂ ದನಿ. ಕಾರಿಡಾರಿನಲ್ಲೇ ಇದ್ದಾರೆ.

"ಮೇಷ್ಟ್ರೇ, ಆ ಕಾಗದ ಯಾರು ಬರ್ದಿದ್ದು?"

ಬಂದೆ ಮೇಡಂ. ನಾನೇ. ಇನ್ನೂ ಎಂಟು—