ಕೆಂಪು ಟ್ಯಾಂಕ್ ಕವರ್

ಮಹಾರಾಯ,

ಇವತ್ತು ನಿನ್ನ ಬೈಕು ನನ್ನ ಗ್ಯಾರೇಜಿಗೆ ಬಂದಿತ್ತು. ತಂದವಳು ನಿನ್ನ ಹೆಂಡತಿ. ನಾನು ಯಾರೆಂದು ಅವಳಿಗೆ ನೀನು ಹೇಳಿಯೇ ಇಲ್ಲ.

"ಅಕ್ಕಾ, ಸ್ವಲ್ಪ ದೂರ ಹೋದ್ರೆ ಆಫ್ ಆಗ್ಬಿಡುತ್ತೆ. ಇವರು ಇಳಿದು ಪೆಟ್ರೋಲ್ ಮುಚ್ಚಳ ತೆಗೆದು ವಾಪಸ್ ಹಾಕ್ತಾರೆ, ಮತ್ತೆ ಸ್ಟಾರ್ಟ್ ಆಗುತ್ತೆ. ಯಾಕೆ ಹೀಗೆ ಅಂತ ಕೇಳಿದ್ರೆ, ಹಳೇ ಗಾಡಿ ಅಲ್ವಾ ಅಂತಾರೆ," ಎಂದಳು.

ಟ್ಯಾಂಕಿಗೆ ಕೆಂಪು ರೆಕ್ಸಿನ್ ಕವರ್, ಮುಚ್ಚಳದ ಮೇಲೂ ಬಿಗಿಯಾಗಿ. ಅವಳೇ ಹೊಲಿದದ್ದಂತೆ. ಹೊಲಿಗೆಯೆಲ್ಲ ಸೊಟ್ಟ. ಕವರ್ ಸರಿಸಿ ಮುಚ್ಚಳ ತಿರುಗಿಸಿದೆ. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಗಾಳಿ ಹೋಗಲೆಂದು ಮುಚ್ಚಳದಲ್ಲಿರುವ ಸಣ್ಣ ತೂತು ಹೀಗೆ ಮುಚ್ಚಿಹೋದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ, ಎಂಜಿನ್ ನಿಲ್ಲುತ್ತದೆ. ನಾವು ಜೊತೆಗಿದ್ದಾಗ ಇದನ್ನು ನನಗೆ ಕಲಿಸಿದವನೇ ನೀನು.

ನಾನು ಹೊಲಿದ ಸೀಟ್ ಕವರನ್ನು "ಗೋಣಿಚೀಲ ಇದ್ದಂಗಿದೆ" ಎಂದು ಅವತ್ತೇ ಕಿತ್ತು ಎಸೆದೆಯಲ್ಲ. ಇವಳ ಕವರಿಗೆ ಒಂದು ಮಾತೂ ಆಡದೆ ನಡುರಸ್ತೆಯಲ್ಲಿ ಮತ್ತೆ ಮತ್ತೆ ಇಳಿಯುತ್ತೀಯಾ?

ಹೊಟ್ಟೆ ಉರಿದುಹೋಯಿತು. "ಇದನ್ನ ಮೊದಲು ಬಿಸಾಕಿ" ಎನ್ನಲು ಬಾಯಿ ತೆರೆದೆ. ಹಾಗೆಂದಿದ್ದರೆ ನಿನ್ನ ಕಷ್ಟ ತಪ್ಪುತ್ತಿತ್ತು. ಅವಳು ಆ ಸೊಟ್ಟ ಹೊಲಿಗೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತ ನಿಂತಿದ್ದಳು.

"ಹಳೇ ಗಾಡಿ ಅಲ್ವಾ," ಎಂದು ನಾನೂ ಹೇಳಿ, ಕವರನ್ನು ಮೊದಲಿನಂತೆ ಎಳೆದು ಕಳಿಸಿದೆ.

ಇಳಿಯುತ್ತಿರು, ಮಹಾರಾಯ.