ಠಾಣೆಗೆ ಹೋದ ಮಗಳು

ಹಾನಗಲ್ಲ,
ಬುಧವಾರ, ೧೯ ಸೆಪ್ಟೆಂಬರ್ ೧೯೮೪

ಪ್ರೀತಿಯ ಚೌಡಕ್ಕನಿಗೆ, ನಿನ್ನ ತಂಗಿ ಹೊನ್ನವ್ವ ಮಾಡುವ ನಮಸ್ಕಾರಗಳು.

ಹತ್ತಿಮತ್ತೂರಿನಲ್ಲಿ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಾವೂ ಆರಾಮ ಎಂದು ಬರೆದು, ಮತ್ತೆ ಹೊಡೆದು ಹಾಕಿದೆ.

ಮಂಜವ್ವ ಮನೆಯಲ್ಲಿಲ್ಲ. ಸೋಮವಾರ ಮುಂಜಾನೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಮ್ಮ ಮನೆಯವರು ಸಿಟ್ಟಿಗೆದ್ದರು. ನನಗೆ ಸ್ವಲ್ಪ ಪೆಟ್ಟಾಯಿತು, ಅಷ್ಟೇ. ಶಾಲೆಗೆಂದು ಹೊರಟ ಹುಡುಗಿ ನೇರ ಪೊಲೀಸ್ ಠಾಣೆಗೆ ಹೋಗಿದ್ದಾಳೆ. ಒಂಬತ್ತು ವರ್ಷದ ಕೂಸು. "ನಮ್ಮಪ್ಪ ನಮ್ಮವ್ವನ್ನ ಕೊಲ್ಲತಾನ, ಲಗೂನ ಬರ್ರಿ" ಅಂದಳಂತೆ.

ಫೌಜದಾರರು ಅವಳಿಗೆ ಚಹಾ ಕುಡಿಸಿ, ಠಾಣೆಯಲ್ಲಿ ಕೂರಿಸಿಕೊಳ್ಳದೆ ಮಹಿಳಾ ಮಂಡಳದ ವಿಮಲಾಬಾಯಿಯವರ ಮನೆಗೆ ಕಳಿಸಿದರು. ಆಮೇಲೆ ನಮ್ಮಲ್ಲಿಗೆ ಬಂದರು. ಕಟ್ಟಿಗೆ ತರುವಾಗ ಬಿದ್ದೆ ಎಂದೆ. ಅವರು ನನ್ನ ಕೈ ನೋಡಿ, "ನೀ ಖರೇ ಹೇಳೂತನಕ ಕಾಯತೇನಿ, ತಂಗಿ. ಹುಡುಗಿನ್ನ ಮಾತ್ರ ಈ ಮನಿಗೆ ಕಳಸಾಂಗಿಲ್ಲ" ಎಂದರು. ಅವಳನ್ನು ಇಟ್ಟುಕೊಳ್ಳಿರೆಂದು ಧಾರವಾಡದ ಬಾಲಮಂದಿರಕ್ಕೆ ಬರೆಯುತ್ತಾರಂತೆ.

ಅಕ್ಕ, ಕೂತಲ್ಲಿ ಕೂರಲಾಗುತ್ತಿಲ್ಲ. ರೊಟ್ಟಿ ಬಡಿಯುತ್ತ ಎದ್ದು ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ. ನಿನ್ನೆ ವಿಮಲಾಬಾಯಿಯವರ ಮನೆಗೆ ಹೋದಾಗ ಮಂಜವ್ವ ಮಗ್ಗಿ ಹೇಳುತ್ತಿದ್ದಳು. ನನ್ನ ದನಿ ಕೇಳಿದ್ದೇ ಬಾಗಿಲ ಹಿಂದೆ ಸರಿದಳು. ಬಾಯಿಯವರು ಅವಳನ್ನು ಎಳೆದು ತರಲಿಲ್ಲ. "ಮನಸ ಬಂದಾಗ ಮಾತಾಡ್ತಾಳ. ನೀವು ಕುಂದರ್ರಿ" ಎಂದರು.

ಬಾಗಿಲ ಹಿಂದಿನಿಂದಲೇ ಹುಡುಗಿ ಕೇಳಿದಳು, "ಅವ್ವಾ, ಅಪ್ಪ ಬಂದಾನೇನು?"

ಇಲ್ಲ ಎಂದ ಮೇಲೂ ಹೊರಗೆ ಬರಲಿಲ್ಲ.

ನಮ್ಮವರು ಈಗ ಮೆತ್ತಗಾಗಿದ್ದಾರೆ. ಇನ್ನು ಕೈ ಎತ್ತುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ್ದಾರೆ. ಓಣಿಯವರ ಬಾಯಿ ಮುಚ್ಚಿಸಲಾಗುತ್ತಿಲ್ಲ. ನೀನು ಬೇಗ ಬಾ. ಸುಳ್ಳು ಹೇಳಿದ್ದೆ ಎಂದು ಫೌಜದಾರರ ಮುಂದೆ ಒಪ್ಪಿಕೊಳ್ಳುವಂತೆ ಮಂಜವ್ವನಿಗೆ ಬುದ್ಧಿ ಹೇಳು. ನಿನ್ನ ಮಾತನ್ನು ಅವಳು ಮೀರುವುದಿಲ್ಲ.

ನಿನ್ನ ತಂಗಿ,
ಹೊನ್ನವ್ವ

ತಾ.ಕ.: ಗುರುವಾರ ಸಂಜೆ. ಕಾಗದ ಅಂಚೆಗೆ ಹಾಕಿರಲಿಲ್ಲ. ಮಧ್ಯಾಹ್ನ ಉಣ್ಣುತ್ತ ನಮ್ಮವರು ನಕ್ಕರು. "ಒಮ್ಮೆ ಮನಿಗೆ ಬರಲಿ ಆಕಿ. ಮತ್ತ ಠಾಣೆಗೆ ಹೋಗಾಕ ಕಾಲು ಇರೂದಿಲ್ಲ" ಎಂದರು. ಕೈಯ ಹಿಟ್ಟು ಕೂಡ ತೊಳೆಯದೆ ನಾನು ಠಾಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ನಿನಗೂ ಹೇಳದೆ ಬಚ್ಚಿಟ್ಟಿದ್ದನ್ನೂ ಹೇಳಿದೆ. ಈಗ ನಾನೂ ವಿಮಲಾಬಾಯಿಯವರ ಮನೆಯಲ್ಲಿದ್ದೇನೆ. ಮಂಜವ್ವ ಸೆರಗು ಬಿಡುತ್ತಿಲ್ಲ. ನಮ್ಮ ಬಳಗದವರು ಯಾರಾದರೂ ಇಟ್ಟುಕೊಂಡರೆ ಮಗುವನ್ನು ಧಾರವಾಡಕ್ಕೆ ಕಳಿಸುವುದಿಲ್ಲ ಎಂದಿದ್ದಾರೆ ಫೌಜದಾರರು. ಭಾವನವರನ್ನು ಕೇಳಿ ಕೂಡಲೇ ಬರೆ ಅಕ್ಕ, ನಿಮ್ಮ ಮನೆಯಲ್ಲಿ ನಮ್ಮಿಬ್ಬರಿಗೂ ಜಾಗ ಇದೆಯೇ?